ಜೆನೆಟಿಕ್ ರಿಪೋರ್ಟ್ ಓದುವುದು ಹೇಗೆ: ರಕ್ತದ ಕೊಳವೆಯಿಂದ ಕೊನೆಯ ಪುಟದವರೆಗೆ

ದಾವಣಗೆರೆ, ಚಿತ್ರದುರ್ಗದ ಕಡೆ ಡಾಕ್ಟರು ಜೆನೆಟಿಕ್ ಟೆಸ್ಟ್ ಬರೆದುಕೊಟ್ಟರೆ ರಕ್ತ ತೆಗೆಯುವುದು ಇಲ್ಲಿ, ಪರೀಕ್ಷೆ ನಡೆಯುವುದು ಬಹುಪಾಲು ಬೆಂಗಳೂರಿನಂಥ ದೊಡ್ಡ ಊರಿನ ಲ್ಯಾಬಿನಲ್ಲಿ. ಕೆಲವು ವಾರ ಕಳೆದ ಮೇಲೆ ಮೊಬೈಲಿಗೆ ಒಂದು ಪಿಡಿಎಫ್ ಬರುತ್ತದೆ. ಆರೇಳು ಪುಟ, ಎಲ್ಲವೂ ಇಂಗ್ಲಿಷಿನಲ್ಲಿ. ಮನೆಯವರು ಮೊದಲ ಪುಟದಲ್ಲಿ ‘ಪಾಸಿಟಿವ್’ ಇದೆಯೋ ‘ನೆಗೆಟಿವ್’ ಇದೆಯೋ ಅಷ್ಟನ್ನೇ ನೋಡಿ ನಿಟ್ಟುಸಿರು ಬಿಡುತ್ತಾರೆ, ಇಲ್ಲವೇ ಕುಸಿದು ಕೂರುತ್ತಾರೆ. ಮಾಡಿಸಿದ ಪರೀಕ್ಷೆಗೆ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಎಂಬುದು ಗೊತ್ತಿಲ್ಲದೆ ‘ನೆಗೆಟಿವ್’ ಎಂಬ ಪದಕ್ಕೆ ಬೆಲೆಯಿಲ್ಲ. ಆದ್ದರಿಂದ ರಿಪೋರ್ಟನ್ನು ಹಿಂದಿನಿಂದ ಓದಿ. ಕೊನೆಯ ಪುಟಗಳಲ್ಲಿ ಸಣ್ಣ ಅಕ್ಷರದಲ್ಲಿರುವ ‘ಮೆಥಡ್’ ಮತ್ತು ‘ಲಿಮಿಟೇಷನ್ಸ್’ ಮೊದಲು, ಫಲಿತಾಂಶ ಆಮೇಲೆ. ಮನೆಯವರಿಗೂ, ಅವರ ಜೊತೆ ನಿಲ್ಲುವ ಆಶಾ ಕಾರ್ಯಕರ್ತೆಯರಿಗೂ, ನರ್ಸ್ ಮತ್ತು ಲ್ಯಾಬ್ ಟೆಕ್ನಿಷಿಯನ್‌ಗಳಿಗೂ ಇದು ಉಪಯೋಗಕ್ಕೆ ಬರಲಿ.

ಮೊದಲು ನಾಲ್ಕೈದು ಪದ

ಜೀನೋಮ್ ಅಂದರೆ ಒಂದು ಜೀವಕೋಶದೊಳಗಿನ ಡಿಎನ್‌ಎ ಪೂರ್ತಿ. ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರಗಳ ಬರವಣಿಗೆ ಅದು. ತಾಯಿಯಿಂದ ಬಂದ ಪ್ರತಿಯಲ್ಲಿ ಸುಮಾರು 300 ಕೋಟಿ ಅಕ್ಷರ, ತಂದೆಯಿಂದ ಬಂದದ್ದರಲ್ಲೂ ಹೆಚ್ಚುಕಮ್ಮಿ ಅಷ್ಟೇ. ಇದೆಲ್ಲ 23 ಜೊತೆ ವರ್ಣತಂತುಗಳಲ್ಲಿ, ಅಂದರೆ ಕ್ರೋಮೋಸೋಮ್‌ಗಳಲ್ಲಿ, ಸುತ್ತಿಕೊಂಡಿರುತ್ತದೆ. ಪ್ರೋಟೀನ್ ತಯಾರಿಸಲು ಸೂಚನೆ ಇರುವ ಜೀನ್‌ಗಳು ಸುಮಾರು 20,000. ಒಂದೊಂದು ಜೀನ್‌ನಲ್ಲೂ ಪ್ರೋಟೀನ್ ತಯಾರಿಕೆಗೆ ಹೋಗುವ ಕೊನೆಯ ಸಂದೇಶದಲ್ಲಿ ಉಳಿಯುವ ತುಂಡುಗಳು ಎಕ್ಸಾನ್, ನಡುವೆ ಕತ್ತರಿಸಿ ಹೋಗುವ ತುಂಡುಗಳು ಇಂಟ್ರಾನ್. ಎಲ್ಲ ಎಕ್ಸಾನ್ ಸೇರಿದರೆ ಎಕ್ಸೋಮ್. ಜೀನೋಮ್‌ನ ಶೇ 1ರಿಂದ 2ರಷ್ಟು ಮಾತ್ರ. ‘ಹೋಲ್ ಎಕ್ಸೋಮ್ ಸೀಕ್ವೆನ್ಸಿಂಗ್’, ಅಂದರೆ ಎಕ್ಸೋಮ್‌ನ ಅಕ್ಷರಗಳನ್ನು ಓದುವ ಪರೀಕ್ಷೆ, ಮಾಡಿಸಿದವರು ಎಲ್ಲವನ್ನೂ ಓದಿಸಿದ್ದೇವೆ ಅಂದುಕೊಳ್ಳುತ್ತಾರೆ. ಉಳಿದ ಶೇ 98ನ್ನು ಆ ಪರೀಕ್ಷೆ ಮುಟ್ಟಿರುವುದಿಲ್ಲ.

ವೇರಿಯಂಟ್ ಅಂದರೆ ಮಾದರಿ ಜೀನೋಮ್‌ಗಿಂತ ಬೇರೆಯಾದ ಅಕ್ಷರ ಅಥವಾ ತುಂಡು, ಅಷ್ಟೇ. ವೇರಿಯಂಟ್ ಇದೆ ಎಂದರೆ ಕಾಯಿಲೆ ಇದೆ ಎಂದಲ್ಲ. ಪ್ರತಿಯೊಬ್ಬರಲ್ಲೂ ಅಂಥವು ಲಕ್ಷಗಟ್ಟಲೆ ಇರುತ್ತವೆ. ಮಾದರಿಯ ಮೇಲೂ ಒಂದು ಕಣ್ಣಿರಲಿ. ಮಾನವ ಜೀನೋಮ್ ಯೋಜನೆ 1990ರಲ್ಲಿ ಶುರುವಾಗಿ 2003ರಲ್ಲಿ ಮುಗಿಯಿತು, ಆಗ ಬಿಟ್ಟುಹೋಗಿದ್ದ ಜಾಗಗಳು ತುಂಬಿದ್ದು 2022ರಲ್ಲಿ. ಲ್ಯಾಬ್‌ಗಳು ಇಂದಿಗೂ ಹೋಲಿಸಿ ನೋಡುವುದು ಹೆಚ್ಚಾಗಿ ‘ಜಿಆರ್‌ಸಿಎಚ್ 37’ ಅಥವಾ ‘ಜಿಆರ್‌ಸಿಎಚ್ 38’ ಎಂಬ ಎರಡು ಆವೃತ್ತಿಗಳಲ್ಲಿ ಒಂದರೊಂದಿಗೆ. ಒಂದೇ ವೇರಿಯಂಟ್‌ಗೆ ಇವೆರಡರಲ್ಲಿ ಸ್ಥಾನದ ಸಂಖ್ಯೆ ಬೇರೆಬೇರೆ. ಅಣ್ಣನ ರಿಪೋರ್ಟಿನ ಸಂಖ್ಯೆ ತಂಗಿಯ ರಿಪೋರ್ಟಿಗೆ ಹೊಂದುತ್ತಿಲ್ಲ ಎಂದು ಗಾಬರಿಯಾಗುವ ಮೊದಲು ಎರಡರಲ್ಲೂ ಆವೃತ್ತಿ ಯಾವುದು ನೋಡಿ.

ರಕ್ತ ತೆಗೆಯುವ ಮೇಜಿನಲ್ಲೇ ಕೆಡುವುದು

ಸೀಕ್ವೆನ್ಸಿಂಗ್ ಆಗಲಿ, ಎಕ್ಸಾನ್‌ಗಳನ್ನು ಎಣಿಸುವ ಎಂಎಲ್‌ಪಿಎ ಆಗಲಿ, ಡಿಎನ್‌ಎ ಬೇಕಾದ ಪರೀಕ್ಷೆಗೆ ನೇರಳೆ ಮುಚ್ಚಳದ ಇಡಿಟಿಎ ಕೊಳವೆ. ದೊಡ್ಡವರಿಗೆ 2ರಿಂದ 4 ಮಿಲಿ ಸಾಕು. ವರ್ಣತಂತುಗಳನ್ನು ಎಣಿಸಿ ನೋಡುವ ಕ್ಯಾರಿಯೋಟೈಪ್‌ಗೆ ಹಸಿರು ಮುಚ್ಚಳದ ಸೋಡಿಯಂ ಹೆಪಾರಿನ್ ಕೊಳವೆ. ಇವೆರಡು ಅದಲುಬದಲಾದರೆ ಕೆಲಸ ಕೆಟ್ಟಿತು. ಕ್ಯಾರಿಯೋಟೈಪ್‌ಗೆ ಜೀವಂತ ಬಿಳಿರಕ್ತಕಣಗಳನ್ನು ಲ್ಯಾಬಿನಲ್ಲಿ ಬೆಳೆಸಬೇಕು, ಇಡಿಟಿಎಯಲ್ಲಿ ಅವು ಸರಿಯಾಗಿ ಬೆಳೆಯುವುದಿಲ್ಲ. ಹೆಪಾರಿನ್ ಇದ್ದ ರಕ್ತದಲ್ಲಿ ಡಿಎನ್‌ಎಯನ್ನು ಹಿಗ್ಗಿಸುವ ಪಿಸಿಆರ್ ಹಂತಕ್ಕೆ ತಡೆಯಾಗುತ್ತದೆ. ರಕ್ತ ಸರಿಯಾಗಿ ಹೆಪ್ಪುಗಟ್ಟದ ಹಿಮೋಫಿಲಿಯಾ ಕಾಯಿಲೆಯ ಫ್ಯಾಕ್ಟರ್ (ಹೆಪ್ಪುಗಟ್ಟಿಸುವ ಅಂಶ) ಪರೀಕ್ಷೆಗೆ ಇವೆರಡೂ ಅಲ್ಲ, ನೀಲಿ ಮುಚ್ಚಳದ ಸೈಟ್ರೇಟ್ ಕೊಳವೆ. ಗುರುತಿನವರೆಗೆ ಸರಿಯಾಗಿ ತುಂಬಬೇಕು. ರಕ್ತ 9 ಪಾಲು, ಸೈಟ್ರೇಟ್ 1 ಪಾಲು ಎಂಬ ಅಳತೆ ತಪ್ಪಿದರೆ ಅಂಕಿಯೂ ತಪ್ಪುತ್ತದೆ.

ರಕ್ತ ತೆಗೆದ ಕೂಡಲೇ ಕೊಳವೆಯನ್ನು ಎಂಟು ಹತ್ತು ಸಲ ಮೆಲ್ಲಗೆ ತಲೆಕೆಳಗು ಮಾಡಿ ಬೆರೆಸಬೇಕು. ಕುಲುಕಬಾರದು. ಬೆರೆಸದೆ ಬಿಟ್ಟರೆ ಹೆಪ್ಪುಗಟ್ಟಿ ಲ್ಯಾಬಿನಿಂದ ‘ಸ್ಯಾಂಪಲ್ ರಿಜೆಕ್ಟೆಡ್’ ಎಂದು ಬರುತ್ತದೆ. ಕ್ಯಾರಿಯೋಟೈಪ್ ರಕ್ತವನ್ನು ಫ್ರೀಜರಿನಲ್ಲಿ ಇಡಲೇಬಾರದು. ಕೋಣೆಯ ತಾಪಮಾನದಲ್ಲಿ ಒಂದೆರಡು ದಿನದೊಳಗೆ ಲ್ಯಾಬ್ ಸೇರಬೇಕು. ಏಪ್ರಿಲ್‌ನಲ್ಲಿ ಚಳ್ಳಕೆರೆ, ಜಗಳೂರಿನ ಬಿಸಿಲಿಗೆ ಬೈಕಿನ ಡಿಕ್ಕಿಯಲ್ಲಿ ಕೊಳವೆ ಇಟ್ಟು ತಂದರೆ ಕಣಗಳು ದಾರಿಯಲ್ಲೇ ಸಾಯುತ್ತವೆ. ಥರ್ಮೋಕೋಲ್ ಡಬ್ಬಿ ಬೇಕು, ಐಸ್ ಪ್ಯಾಕ್ ಕೊಳವೆಗೆ ನೇರ ತಾಗದಂತೆ ನಡುವೆ ಬಟ್ಟೆ ಬೇಕು. ಶನಿವಾರ ಸಂಜೆ ಈ ರಕ್ತ ಕೊಡಬೇಡಿ, ಭಾನುವಾರವಿಡೀ ಕೊರಿಯರ್ ಗೋದಾಮಿನಲ್ಲಿ ಬಿದ್ದಿರುತ್ತದೆ.

ಹಿಮೋಗ್ಲೋಬಿನ್ ಸಾಲದೆ ರಕ್ತಹೀನತೆ ತರುವ ಥಲಸ್ಸೇಮಿಯಾಗೆ ಮಾಡುವ, ಹಿಮೋಗ್ಲೋಬಿನ್‌ನ ಬಗೆಗಳನ್ನು ಅಳೆಯುವ ಎಚ್‌ಪಿಎಲ್‌ಸಿ ಪರೀಕ್ಷೆಗೆ ಮೊದಲು ಮಗುವಿಗೆ ರಕ್ತ ಹಾಕಿಸಿದ್ದರೆ ಕಾಣುವುದು ದಾನಿಯ ಹಿಮೋಗ್ಲೋಬಿನ್. ಮೂರು ತಿಂಗಳಾದರೂ ಕಾಯಬೇಕು. ಅಷ್ಟು ಕಾಯಲಾಗದ ಮಗುವಾದರೆ ಅಪ್ಪ ಅಮ್ಮ ಇಬ್ಬರಿಗೂ ಎಚ್‌ಪಿಎಲ್‌ಸಿ ಮಾಡಿಸಿ, ಮಗುವಿಗೆ ಡಿಎನ್‌ಎ ಪರೀಕ್ಷೆ ಕೇಳಿ. ಕೊನೆಯ ಸಲ ರಕ್ತ ಹಾಕಿಸಿದ ತಾರೀಕನ್ನು ಯಾವ ಪರೀಕ್ಷೆಯ ಫಾರ್ಮಿನಲ್ಲಾದರೂ ಬರೆಯಿರಿ.

ವಂಶವೃಕ್ಷ ಬರೆಯುವ ಬಗೆ

ಫಾರ್ಮಿನಲ್ಲಿ ‘ಫ್ಯಾಮಿಲಿ ಹಿಸ್ಟರಿ’ ಎಂಬ ಜಾಗಕ್ಕೆ ಗೆರೆ ಎಳೆದು ಕಳಿಸುವುದು ಬಹಳ ಕಡೆ ರೂಢಿ. ಲ್ಯಾಬಿನವರು ಸಾವಿರಾರು ವೇರಿಯಂಟ್‌ಗಳಲ್ಲಿ ಯಾವುದನ್ನು ಹಿಡಿಯಬೇಕು ಎಂದು ತೀರ್ಮಾನಿಸುವುದು ನೀವು ಕೊಟ್ಟ ಲಕ್ಷಣ ಮತ್ತು ಮನೆತನದ ವಿವರದಿಂದ. ಅದು ಖಾಲಿ ಇದ್ದರೆ ಸಿಗಬೇಕಾದ ಉತ್ತರವೂ ಕೈತಪ್ಪಬಹುದು.

ಮೂರು ತಲೆಮಾರು ಬರೆಯಿರಿ. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ. ಕಾಯಿಲೆ ಇದ್ದವರದನ್ನು ತುಂಬಿ. ತೀರಿಹೋದವರಿಗೆ ಓರೆ ಗೆರೆ. ಯಾರಿಗಾಗಿ ಪರೀಕ್ಷೆಯೋ ಅವರಿಗೆ ಬಾಣದ ಗುರುತು. ಗಂಡಹೆಂಡತಿಯನ್ನು ಜೋಡಿಸಲು ಒಂದು ಗೆರೆ, ರಕ್ತಸಂಬಂಧದಲ್ಲೇ ಮದುವೆಯಾಗಿದ್ದರೆ ಎರಡು ಗೆರೆ. ‘ಮಾವ’, ‘ಅತ್ತೆ’ ಎಂದು ಬರೆದು ಬಿಡಬೇಡಿ. ಮಾವ ಎಂದರೆ ತಾಯಿಯ ತಮ್ಮನೂ ಆಗಬಹುದು, ಗಂಡನ ಅಪ್ಪನೂ ಆಗಬಹುದು, ಅತ್ತೆಯ ಗಂಡನೂ ಆಗಬಹುದು. ‘ತಾಯಿಯ ತಮ್ಮ’, ‘ತಂದೆಯ ಅಕ್ಕ’ ಎಂದೇ ಬರೆಯಿರಿ. ಹೆಸರಿಡುವ ಮೊದಲೇ ತೀರಿಕೊಂಡ ಮಗು, ಏಳನೇ ತಿಂಗಳಲ್ಲಿ ಹೋದ ಬಸಿರು, ಇವನ್ನು ಮನೆಯ ಹಿರಿಯರು ತಾವಾಗಿ ಹೇಳುವುದಿಲ್ಲ. ಅಜ್ಜಿಯನ್ನು ಪಕ್ಕಕ್ಕೆ ಕೂರಿಸಿಕೊಂಡು ನಿಧಾನವಾಗಿ ಕೇಳಬೇಕು. ಸುಳಿವು ಎಷ್ಟೋ ಸಲ ಅಲ್ಲೇ ಇರುತ್ತದೆ.

ಸೋದರಿಕೆಯ ಲೆಕ್ಕ ಹೀಗೆ. ಅಕ್ಕನ ಮಗಳನ್ನು ತಂದುಕೊಂಡರೆ ಗಂಡಹೆಂಡತಿಯ ಜೀನ್‌ಗಳಲ್ಲಿ ಸರಾಸರಿ ನಾಲ್ಕರಲ್ಲಿ ಒಂದು ಭಾಗ ಒಂದೇ ಮೂಲದ್ದು. ಅತ್ತೆಯ ಮಗಳೋ ಸೋದರಮಾವನ ಮಗಳೋ ಆದರೆ ಎಂಟರಲ್ಲಿ ಒಂದು ಭಾಗ. ಹುಟ್ಟುವ ಮಗುವಿನಲ್ಲಿ ಎರಡೂ ಕಡೆಯಿಂದ ಒಂದೇ ಪ್ರತಿ ಬಂದು ಸೇರುವ ಭಾಗ, ಮೊದಲನೆಯದರಲ್ಲಿ ಎಂಟನೇ ಒಂದು, ಎರಡನೆಯದರಲ್ಲಿ ಹದಿನಾರನೇ ಒಂದು. ಇದರಿಂದ ಹೆಚ್ಚುವುದು ರಿಸೆಸಿವ್ ಕಾಯಿಲೆಗಳ, ಅಂದರೆ ಎರಡೂ ಪ್ರತಿ ಕೆಟ್ಟರೆ ಮಾತ್ರ ಬರುವ ಕಾಯಿಲೆಗಳ ಸಾಧ್ಯತೆ. 21ನೇ ವರ್ಣತಂತು ಒಂದು ಹೆಚ್ಚಾಗಿ ಬರುವ ಡೌನ್ ಸಿಂಡ್ರೋಮ್‌ಗೂ ಸೋದರಿಕೆಗೂ ನಂಟಿಲ್ಲ. ಈ ವ್ಯತ್ಯಾಸ ಗೊತ್ತಿಲ್ಲದೆ ಮಗುವಿಗೆ ಏನೇ ಆದರೂ ‘ಸಂಬಂಧದಲ್ಲಿ ಮಾಡಿಕೊಂಡಿರಿ, ಅದಕ್ಕೇ’ ಎಂದು ತಾಯಿಯನ್ನು ದೂರುವುದು ಅನ್ಯಾಯ.

ಒಂದು ಸಾಲನ್ನು ಬಿಡಿಸಿ ಓದುವುದು

ಫಲಿತಾಂಶದ ಪಟ್ಟಿಯಲ್ಲಿ ಇಂಥ ಒಂದು ಸಾಲು ಇರುತ್ತದೆ. ರಿಪೋರ್ಟಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿರುವುದನ್ನು ಇಲ್ಲಿ ಉಚ್ಚಾರದಂತೆ ಬರೆದಿದೆ:

ಎಚ್‌ಬಿಬಿ — ಎನ್‌ಎಂ_000518.5 — ಸಿ.92+5ಜಿ>ಸಿ — ಇಂಟ್ರಾನ್ 1 — ಹೋಮೋಝೈಗಸ್ — ಎಆರ್ — ಪ್ಯಾಥೋಜೆನಿಕ್

ಎಚ್‌ಬಿಬಿ ಜೀನ್‌ನ ಹೆಸರು. ಹಿಮೋಗ್ಲೋಬಿನ್‌ನ ಬೀಟಾ ಸರಪಳಿಯನ್ನು ತಯಾರಿಸುವ ಇದು 11ನೇ ವರ್ಣತಂತುವಿನಲ್ಲಿದೆ. ಎನ್‌ಎಂ ಎಂದು ಶುರುವಾಗುವುದು ಟ್ರಾನ್ಸ್‌ಕ್ರಿಪ್ಟ್ ಸಂಖ್ಯೆ, ಅಕ್ಷರಗಳನ್ನು ಯಾವ ಪ್ರತಿಯ ಮೇಲೆ ಎಣಿಸಿದರು ಎಂಬುದರ ಗುರುತು. ‘ಸಿ.’ ಎಂದರೆ ಪ್ರೋಟೀನ್‌ಗೆ ಬೇಕಾದ ಅಕ್ಷರಗಳ ಸಾಲಿನಲ್ಲಿ ಎಣಿಕೆ. 92ನೆಯದು ಮೊದಲ ಎಕ್ಸಾನ್‌ನ ಕೊನೆಯ ಅಕ್ಷರ. +5 ಎಂದರೆ ಅಲ್ಲಿಂದ ಇಂಟ್ರಾನ್ ಒಳಗೆ ಐದನೇ ಅಕ್ಷರ. ಅಲ್ಲಿ ಜಿ ಇರಬೇಕಾದಲ್ಲಿ ಸಿ ಬಂದಿದೆ. ಎಕ್ಸಾನ್ ಮುಗಿಯುವ ಜಾಗದಲ್ಲಿ ಸರಿಯಾಗಿ ಕತ್ತರಿಸಲು ಆ ಅಕ್ಷರ ಬೇಕು. ಬದಲಾದರೆ ಕತ್ತರಿ ತಪ್ಪಾದ ಜಾಗಕ್ಕೆ ಬೀಳುತ್ತದೆ, ಬೀಟಾ ಸರಪಳಿ ಬಹಳ ಕಡಿಮೆಯಾಗುತ್ತದೆ. ಭಾರತದಲ್ಲಿ ಬೀಟಾ ಥಲಸ್ಸೇಮಿಯಾಗೆ ಎಲ್ಲಕ್ಕಿಂತ ಹೆಚ್ಚು ಕಾಣುವ ಕಾರಣ ಇದೇ ಒಂದು ಅಕ್ಷರ. ಹಳೆಯ ರಿಪೋರ್ಟುಗಳಲ್ಲಿ ಇದನ್ನೇ ‘ಐವಿಎಸ್ 1-5’ ಎಂದು ಬರೆದಿರುತ್ತಾರೆ. ಎರಡೂ ಒಂದೇ.

ಇದೇ ಬಗೆಯ ಗೊಂದಲ ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆಯಲ್ಲೂ ಇದೆ. ಹೊಸ ರಿಪೋರ್ಟಿನಲ್ಲಿ ‘ಪಿ.ಗ್ಲು7ವ್ಯಾಲ್’, ಹಳೆಯದರಲ್ಲಿ ‘ಗ್ಲು6ವ್ಯಾಲ್’. ‘ಪಿ.’ ಎಂದರೆ ಪ್ರೋಟೀನ್‌ನ ಎಣಿಕೆ. ಹಿಂದೆ ಮೊದಲ ಅಮೈನೋ ಆಮ್ಲವನ್ನು ಎಣಿಸುತ್ತಿರಲಿಲ್ಲ, ಈಗ ಎಣಿಸುತ್ತಾರೆ, ಕಾಯಿಲೆ ಬದಲಾಗಿಲ್ಲ. ‘ಡೆಲ್’ ಎಂದಿದ್ದರೆ ಅಕ್ಷರ ಬಿಟ್ಟುಹೋಗಿದೆ, ‘ಡುಪ್’ ಎಂದರೆ ಎರಡು ಸಲ ಬಂದಿದೆ, ‘ಎಫ್‌ಎಸ್’ ಎಂದರೆ ಅಲ್ಲಿಂದ ಮುಂದೆ ಓದುವ ಕ್ರಮವೇ ಜಾರಿದೆ, ‘ಟರ್’ ಅಥವಾ ನಕ್ಷತ್ರದ ಗುರುತು ಇದ್ದರೆ ಪ್ರೋಟೀನ್ ಅಲ್ಲೇ ನಿಂತುಹೋಗುತ್ತದೆ.

ಮುಂದಿನ ಪದ ಬಹಳ ಮುಖ್ಯ. ಹೋಮೋಝೈಗಸ್: ಎರಡೂ ಪ್ರತಿಯಲ್ಲಿ ಅದೇ ಬದಲಾವಣೆ. ಹೆಟಿರೋಝೈಗಸ್: ಒಂದರಲ್ಲಿ ಮಾತ್ರ. ಹೆಮಿಝೈಗಸ್: ಗಂಡಿನಲ್ಲಿ ಎಕ್ಸ್ ವರ್ಣತಂತು ಒಂದೇ ಇರುವುದರಿಂದ ಇರುವ ಒಂದೇ ಪ್ರತಿಯಲ್ಲಿ. ಎಆರ್ ಅಂದರೆ ರಿಸೆಸಿವ್, ಎರಡೂ ಪ್ರತಿ ಕೆಟ್ಟರೆ ಮಾತ್ರ ಕಾಯಿಲೆ. ಎಡಿ ಅಂದರೆ ಡಾಮಿನೆಂಟ್, ಒಂದು ಕೆಟ್ಟರೂ ಸಾಕು. ಎಆರ್ ಜೊತೆ ಹೆಟಿರೋಝೈಗಸ್ ಇದ್ದರೆ ಆ ವ್ಯಕ್ತಿ ಸಾಮಾನ್ಯವಾಗಿ ವಾಹಕ, ರೋಗಿಯಲ್ಲ. ಒಂದೇ ಜೀನ್‌ನಲ್ಲಿ ಎರಡು ಬೇರೆಬೇರೆ ಹೆಟಿರೋಝೈಗಸ್ ವೇರಿಯಂಟ್ ಕಂಡರೆ ಅವಸರ ಬೇಡ. ಎರಡೂ ತಾಯಿಯ ಕಡೆಯ ಒಂದೇ ಪ್ರತಿಯಲ್ಲಿದ್ದರೆ ತಂದೆಯ ಪ್ರತಿ ಸರಿಯಾಗಿಯೇ ಇರುತ್ತದೆ. ಒಂದು ಅತ್ತ, ಒಂದು ಇತ್ತ ಇದ್ದರೆ ಕಾಯಿಲೆ. ಅಪ್ಪ ಅಮ್ಮನ ರಕ್ತ ಪರೀಕ್ಷಿಸದೆ ಸಾಮಾನ್ಯವಾಗಿ ಇದನ್ನು ಹೇಳಲಾಗದು.

ಇಬ್ಬರೂ ವಾಹಕರಾದರೆ ಪ್ರತಿ ಬಸಿರಿಗೂ ಶೇ 25ರ ಸಾಧ್ಯತೆ. ‘ನಾಲ್ಕರಲ್ಲಿ ಒಂದು ಅಂದರು, ಮೊದಲನೇದಕ್ಕೆ ಬಂದಾಯ್ತು, ಇನ್ನು ಮೂರಕ್ಕೆ ಭಯವಿಲ್ಲ’ ಎಂಬ ಮಾತು ಮತ್ತೆ ಮತ್ತೆ ಕೇಳಿಬರುತ್ತದೆ. ಲೆಕ್ಕ ಪ್ರತಿ ಸಲವೂ ಹೊಸದಾಗಿ ಶುರು.

ಐದು ದರ್ಜೆ, ನಡುವಿನದೇ ತೊಡಕು

2015ರಲ್ಲಿ ಅಮೆರಿಕದ ಎಸಿಎಂಜಿ ಸಂಸ್ಥೆ ಹೊರತಂದ ಮಾರ್ಗಸೂಚಿಯಂತೆ ವೇರಿಯಂಟ್‌ಗಳಿಗೆ ಐದು ದರ್ಜೆ: ಪ್ಯಾಥೋಜೆನಿಕ್, ಲೈಕ್ಲಿ ಪ್ಯಾಥೋಜೆನಿಕ್, ವಿಯುಎಸ್, ಲೈಕ್ಲಿ ಬಿನೈನ್, ಬಿನೈನ್. ಲೈಕ್ಲಿ ಎಂದರೆ ಶೇ 90ಕ್ಕಿಂತ ಹೆಚ್ಚು ಖಚಿತ. ಕೊನೆಯ ಎರಡರ ಬಗ್ಗೆ ಚಿಂತೆ ಬೇಡ.

ವಿಯುಎಸ್ ಅಂದರೆ ಕಾಯಿಲೆಗೆ ಇದು ಕಾರಣ ಹೌದೋ ಅಲ್ಲವೋ ಈಗಿರುವ ಮಾಹಿತಿಯಲ್ಲಿ ಹೇಳಲಾಗದು ಎಂದು. ಅದು ಅರ್ಧ ಪಾಸಿಟಿವ್ ಅಲ್ಲ. ವಿಯುಎಸ್ ಒಂದನ್ನೇ ನಂಬಿ ಗರ್ಭದ ಮಗುವಿನ ಬಗ್ಗೆಯಾಗಲಿ, ಆಪರೇಷನ್ ಬಗ್ಗೆಯಾಗಲಿ ತೀರ್ಮಾನ ಮಾಡಲೇಬಾರದು. ನಮ್ಮವರ ರಿಪೋರ್ಟುಗಳಲ್ಲಿ ವಿಯುಎಸ್ ಹೆಚ್ಚು ಬರುವುದಕ್ಕೆ ಕಾರಣವಿದೆ: ಲ್ಯಾಬ್‌ಗಳು ಹೋಲಿಸುವ ದತ್ತಾಂಶದಲ್ಲಿ ಯುರೋಪ್ ಮೂಲದವರೇ ಹೆಚ್ಚು. ನಮ್ಮ ಸಮುದಾಯದಲ್ಲಿ ಸಹಜವಾಗಿರುವ ಅಕ್ಷರವೂ ಅಲ್ಲಿ ಅಪರೂಪದಂತೆ ಕಾಣುತ್ತದೆ. ಜೀನೋಮ್ ಇಂಡಿಯಾ ಯೋಜನೆಯಲ್ಲಿ 10,000 ಭಾರತೀಯರ ಜೀನೋಮ್ ಓದಿರುವುದು ಈ ಕೊರತೆ ತುಂಬುವ ದಾರಿಯಲ್ಲಿ ದೊಡ್ಡ ಹೆಜ್ಜೆ. ವಿಯುಎಸ್ ಬಂದಾಗ ಮಾಡಬೇಕಾದದ್ದು ಎರಡು. ಅಪ್ಪ ಅಮ್ಮನಲ್ಲಿ, ಕಾಯಿಲೆ ಇರುವ ಮತ್ತು ಇಲ್ಲದ ಒಡಹುಟ್ಟಿದವರಲ್ಲಿ ಆ ಒಂದೇ ವೇರಿಯಂಟ್ ಇದೆಯೇ ಎಂದು ಸ್ಯಾಂಗರ್ ಪರೀಕ್ಷೆ ಮಾಡಿಸುವುದು. ಒಂದೆರಡು ವರ್ಷ ಬಿಟ್ಟು ಹಳೆಯ ಡೇಟಾವನ್ನೇ ಮತ್ತೆ ಪರಿಶೀಲಿಸಿ ಎಂದು ಲ್ಯಾಬಿಗೆ ಕೇಳುವುದು. ಇದಕ್ಕೆ ಹೊಸದಾಗಿ ರಕ್ತ ಬೇಕಿಲ್ಲ.

ಯಾವ ಪರೀಕ್ಷೆಗೆ ಏನು ಕಾಣುವುದಿಲ್ಲ

ಹಣ ಹೆಚ್ಚು ಪೋಲಾಗುವುದು ಇಲ್ಲಿ. ಎಕ್ಸೋಮ್ ದುಬಾರಿ, ಆದ್ದರಿಂದ ಎಲ್ಲಕ್ಕಿಂತ ಒಳ್ಳೆಯದು ಎಂಬ ನಂಬಿಕೆ ತಪ್ಪು.

ತೀವ್ರ ಹಿಮೋಫಿಲಿಯಾ ‘ಎ’ ಇರುವವರಲ್ಲಿ ಶೇ 40–45ರಷ್ಟು ಮಂದಿಗೆ ಕಾರಣ ಎಫ್8 ಜೀನ್‌ನ 22ನೇ ಇಂಟ್ರಾನ್‌ನಲ್ಲಿ ಆಗುವ ಇನ್ವರ್ಶನ್. ಸೀರೆಯ ಒಂದು ತುಂಡನ್ನು ಕತ್ತರಿಸಿ ಹಿಂದುಮುಂದಾಗಿ ಹೊಲಿದಂತೆ ಅದು. ಒಂದು ನೂಲೂ ಕಡಿಮೆಯಾಗಿರುವುದಿಲ್ಲ. ಎಕ್ಸೋಮ್ ಪರೀಕ್ಷೆ ಒಂದೊಂದೇ ಎಕ್ಸಾನ್ ಓದಿ ‘ಎಲ್ಲ ಸರಿಯಿದೆ’ ಎನ್ನುತ್ತದೆ. ಈ ಇನ್ವರ್ಶನ್‌ಗೆಂದೇ ಬೇರೆ ಪರೀಕ್ಷೆಯಿದೆ, ತೀವ್ರ ಹಿಮೋಫಿಲಿಯಾದಲ್ಲಿ ಅದನ್ನೇ ಮೊದಲು ಮಾಡಿಸಬೇಕು.

ಡುಶೇನ್ ಸ್ನಾಯುಕ್ಷಯದಲ್ಲಿ ಡಿಎಂಡಿ ಜೀನ್‌ಗೆ 79 ಎಕ್ಸಾನ್. ಸುಮಾರು ಮೂರರಲ್ಲಿ ಎರಡು ಪಾಲು ಮಕ್ಕಳಲ್ಲಿ ಒಂದೋ ಹಲವೋ ಎಕ್ಸಾನ್ ಪೂರ್ತಿ ಬಿಟ್ಟುಹೋಗಿರುತ್ತದೆ. ಅದನ್ನು ಎಣಿಸುವ ಪರೀಕ್ಷೆ ಎಂಎಲ್‌ಪಿಎ. ಮೊದಲು ಅದು, ಅದರಲ್ಲಿ ಸಿಗದಿದ್ದರೆ ಸೀಕ್ವೆನ್ಸಿಂಗ್. ಸ್ನಾಯುಗಳು ಬಲಗುಂದುವ ಸ್ಪೈನಲ್ ಮಸ್ಕ್ಯುಲರ್ ಅಟ್ರೊಫಿಯಲ್ಲಿ ಶೇ 95ರಷ್ಟು ಮಕ್ಕಳಿಗೆ ಎಸ್‌ಎಂಎನ್1 ಜೀನ್‌ನ 7ನೇ ಎಕ್ಸಾನ್ ಎರಡೂ ಪ್ರತಿಯಲ್ಲಿ ಇರುವುದಿಲ್ಲ. ಪಕ್ಕದಲ್ಲೇ ಹೆಚ್ಚುಕಡಿಮೆ ತದ್ರೂಪಾದ ಎಸ್‌ಎಂಎನ್2 ಇರುವುದರಿಂದ ಸಾಮಾನ್ಯ ಸೀಕ್ವೆನ್ಸಿಂಗ್ ಗೊಂದಲಕ್ಕೆ ಬೀಳುತ್ತದೆ. ಇಲ್ಲೂ ಎಂಎಲ್‌ಪಿಎ ಬೇಕು. ಫ್ರಜೈಲ್ ಎಕ್ಸ್, ಹಂಟಿಂಗ್ಟನ್‌ನಂಥ, ಅಕ್ಷರಗಳ ಗುಂಪು ಮತ್ತೆ ಮತ್ತೆ ಬಂದು ಉದ್ದವಾಗುವ ಕಾಯಿಲೆಗಳನ್ನು ಎಕ್ಸೋಮ್ ನಂಬುವಂತೆ ಹಿಡಿಯುವುದಿಲ್ಲ.

ಕ್ಯಾರಿಯೋಟೈಪ್‌ಗೆ 50 ಲಕ್ಷದಿಂದ 1 ಕೋಟಿ ಅಕ್ಷರಕ್ಕಿಂತ ಸಣ್ಣ ಬದಲಾವಣೆ ಕಾಣದು, ಅದಕ್ಕೆ ಮೈಕ್ರೋಅರೇ ಎಂಬ ಪರೀಕ್ಷೆ. ಮೈಕ್ರೋಅರೇಗೆ, ನಷ್ಟವಿಲ್ಲದೆ ಜಾಗ ಮಾತ್ರ ಬದಲಿಸಿಕೊಂಡ ತುಂಡು ಕಾಣದು. ಅದಕ್ಕೆ ಕ್ಯಾರಿಯೋಟೈಪ್ಪೇ ಬೇಕು. ಡೌನ್ ಸಿಂಡ್ರೋಮ್ ಮಗುವಿನ ರಿಪೋರ್ಟಿನಲ್ಲಿ ‘47’ ಎಂದು ಶುರುವಾಗಿ ‘+21’ ಎಂದು ಮುಗಿದರೆ, ಶೇ 95 ಮಕ್ಕಳಲ್ಲಿ ಹೀಗೇ, ಅಪ್ಪ ಅಮ್ಮನಿಗೆ ಕ್ಯಾರಿಯೋಟೈಪ್ ಬೇಕಿಲ್ಲ. ‘46’ ಎಂದಿದ್ದು ಜೊತೆಗೆ ‘ರಾಬ್’ ಅಥವಾ ‘ಡರ್’ (ವರ್ಣತಂತುಗಳು ಒಂದಕ್ಕೊಂದು ಕೂಡಿಕೊಂಡಿರುವ ಗುರುತು) ಎಂದಿದ್ದರೆ ಇಬ್ಬರಿಗೂ ಮಾಡಿಸಲೇಬೇಕು. ತಾಯಿಯಲ್ಲಿ 14 ಮತ್ತು 21 ಕೂಡಿಕೊಂಡಿದ್ದರೆ ಮತ್ತೆ ಅಂಥ ಮಗುವಾಗುವ ಸಾಧ್ಯತೆ ಶೇ 10–15. 21ಕ್ಕೆ 21 ಕೂಡಿಕೊಂಡಿದ್ದರೆ ಹುಟ್ಟುವ ಪ್ರತಿ ಮಗುವಿಗೂ ಡೌನ್ ಸಿಂಡ್ರೋಮ್.

ಎಚ್‌ಪಿಎಲ್‌ಸಿಯಲ್ಲಿ ಎಚ್‌ಬಿಎ2 ಎಂಬ ಬಗೆಯ ಹಿಮೋಗ್ಲೋಬಿನ್ ಶೇ 3.5ಕ್ಕಿಂತ ಹೆಚ್ಚಿದ್ದರೆ ಬೀಟಾ ಥಲಸ್ಸೇಮಿಯಾ ವಾಹಕ ಎನ್ನುತ್ತಾರೆ. ಕಬ್ಬಿಣಾಂಶದ ಕೊರತೆ ಈ ಅಂಕಿಯನ್ನು ತಗ್ಗಿಸಬಲ್ಲದು. 3.2, 3.4 ಎಂದು ಅಂಚಿನಲ್ಲಿ ಬಂದು, ಎಂಸಿವಿ (ಕೆಂಪು ರಕ್ತಕಣದ ಸರಾಸರಿ ಗಾತ್ರ) 80ಕ್ಕಿಂತ ಕಡಿಮೆ ಇದ್ದರೆ ‘ನಾರ್ಮಲ್’ ಎಂದು ಬಿಡಬಾರದು. ಕಬ್ಬಿಣದ ಮಾತ್ರೆ ಕೊಟ್ಟು ಮತ್ತೆ ನೋಡಬೇಕು. ಬಸಿರಿಯಾದರೆ ಕಾಯುತ್ತ ಕೂರದೆ ಗಂಡನ ಎಚ್‌ಪಿಎಲ್‌ಸಿಯನ್ನೂ ಕೂಡಲೇ ಮಾಡಿಸಬೇಕು.

ಹಿಮೋಫಿಲಿಯಾ ಮನೆತನದಲ್ಲಿ ಮದುವೆ ಮಾತು

ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ದಾವಣಗೆರೆಯಲ್ಲೇ ಇರುವುದರಿಂದ ಸುತ್ತಲಿನ ಜನರಿಗೆ ಈ ಕಾಯಿಲೆಯ ಹೆಸರು ಪರಿಚಿತ. ಆದರೂ ಒಂದು ಅಂಶ ಇನ್ನೂ ಮನೆಮನೆಗೆ ಮುಟ್ಟಬೇಕು. ಕಾಯಿಲೆಯ ಜೀನ್ ಎಕ್ಸ್ ವರ್ಣತಂತುವಿನಲ್ಲಿರುವುದರಿಂದ ಹಿಮೋಫಿಲಿಯಾ ಇರುವ ಗಂಡಿನ ಗಂಡುಮಕ್ಕಳಿಗೆ ಅವನಿಂದ ಕಾಯಿಲೆ ಬಾರದು, ಹೆಣ್ಣುಮಕ್ಕಳೆಲ್ಲ ವಾಹಕರು. ಅವನಿಗೆ ಅಕ್ಕನ ಮಗಳನ್ನೇ ತಂದರೆ ಲೆಕ್ಕ ತಿರುಗುತ್ತದೆ. ಅಕ್ಕ ವಾಹಕಳಾಗಿದ್ದು ಅವಳಿಂದ ಮಗಳಿಗೂ ಅದು ಬಂದಿದ್ದರೆ, ಹುಟ್ಟುವ ಪ್ರತಿ ಗಂಡುಮಗುವಿಗೂ ಹೆಣ್ಣುಮಗುವಿಗೂ ಕಾಯಿಲೆಯ ಸಾಧ್ಯತೆ ಅರ್ಧಕ್ಕರ್ಧ. ಮಾತುಕತೆಗೆ ಮೊದಲೇ ಹುಡುಗಿಯ ವಾಹಕ ಪರೀಕ್ಷೆ ಆಗಬೇಕು. ಫ್ಯಾಕ್ಟರ್ 8 ಮಟ್ಟ ನೋಡಿ ‘ವಾಹಕಳಲ್ಲ’ ಎನ್ನಲಾಗದು, ವಾಹಕರಲ್ಲೂ ಅದು ಸಹಜ ಮಟ್ಟದಲ್ಲಿರಬಹುದು. ಡಿಎನ್‌ಎ ಪರೀಕ್ಷೆಯೇ ಆಗಬೇಕು. ಹಿಂದೆ ಯಾರಿಗೂ ಇರಲಿಲ್ಲ ಎಂಬುದೂ ಸಾಕಾಗದು. ಸುಮಾರು ಮೂರರಲ್ಲಿ ಒಂದು ಪಾಲು ರೋಗಿಗಳ ಮನೆತನದಲ್ಲಿ ಮೊದಲು ಕಾಯಿಲೆಯ ಸುಳಿವಿರುವುದಿಲ್ಲ.

ಬಸಿರಿನಲ್ಲಿ ವಾರಗಳ ಲೆಕ್ಕ

ಗರ್ಭದ ಪರೀಕ್ಷೆ ಮಾಡಬೇಕಾದರೆ ಮನೆತನದ ವೇರಿಯಂಟ್ ಯಾವುದು ಎಂಬುದು ಮೊದಲೇ ಗೊತ್ತಿರಬೇಕು. ಬಸಿರಾದ ಮೇಲೆ ಹುಡುಕಲು ಹೊರಟರೆ ವಾರಗಳು ಕೈಜಾರುತ್ತವೆ. ಮಾಸಿನ ಚೂರು ತೆಗೆಯುವ ಸಿವಿಎಸ್ 11ರಿಂದ 13ನೇ ವಾರದ ಸುಮಾರಿಗೆ, ಮಗುವಿನ ಸುತ್ತಲಿನ ಗರ್ಭದ ನೀರು ತೆಗೆಯುವ ಆಮ್ನಿಯೋಸೆಂಟೆಸಿಸ್ 16ನೇ ವಾರದ ಹೊತ್ತಿಗೆ. ರಿಪೋರ್ಟಿನಲ್ಲಿ ‘ಎಂಸಿಸಿ’ ಅಥವಾ ‘ಮೆಟರ್ನಲ್ ಸೆಲ್ ಕಂಟಾಮಿನೇಷನ್’ ಇಲ್ಲ ಎಂಬ ಸಾಲು ಇರಲೇಬೇಕು. ಅದಿಲ್ಲದಿದ್ದರೆ ಓದಿದ್ದು ತಾಯಿಯ ಡಿಎನ್‌ಎಯೇ ಇರಬಹುದು. ತಾಯಿಯ ರಕ್ತದಿಂದ ಮಾಡುವ ಎನ್‌ಐಪಿಟಿ ಜರಡಿ ಪರೀಕ್ಷೆ ಮಾತ್ರ, ‘ಹೈ ರಿಸ್ಕ್’ ಎಂದರೆ ಖಚಿತ ಪರೀಕ್ಷೆ ಬೇರೆ ಆಗಬೇಕು. ಗರ್ಭಪಾತದ ಕಾನೂನಿಗೆ 2021ರಲ್ಲಿ ತಂದ ತಿದ್ದುಪಡಿಯಂತೆ 24 ವಾರ ದಾಟಿದ ಮೇಲೆ ಮಗುವಿನ ಗಂಭೀರ ತೊಂದರೆಗಾಗಿ ಅನುಮತಿ ಕೊಡಬೇಕಾದದ್ದು ವೈದ್ಯಕೀಯ ಮಂಡಳಿ. ಮಗು ಗಂಡೋ ಹೆಣ್ಣೋ ಎಂದು ತಿಳಿಸುವುದು ಕಾನೂನಿನಂತೆ ಅಪರಾಧ, ಕೇಳಲೂಬಾರದು.

ರಿಪೋರ್ಟ್ ಬಂದ ಮೇಲೆ

ಪಿಡಿಎಫ್‌ನ ಪೂರ್ತಿ ಪ್ರಿಂಟ್ ತೆಗೆಸಿ, ಮೊದಲ ಪುಟ ಒಂದೇ ಸಾಲದು. ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಅದರಲ್ಲಿರುವುದು ಒಬ್ಬರ ವಿಷಯವಲ್ಲ, ಮದುವೆಯಾಗದ ತಂಗಿಯದೂ ಹೌದು. ಅನುಮಾನ ಉಳಿದರೆ ಜೆನೆಟಿಕ್ಸ್ ತಜ್ಞರ ಬಳಿ ಹೋಗಬೇಕು. ಬೆಂಗಳೂರಿನಲ್ಲಿ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಕೇಂದ್ರ ಸರ್ಕಾರದ 2021ರ ಅಪರೂಪದ ಕಾಯಿಲೆಗಳ ನೀತಿಯಡಿ ಗುರುತಿಸಿದ ಕೇಂದ್ರದಲ್ಲಿ ಸೇರಿವೆ. ಹೋಗುವಾಗ ರಿಪೋರ್ಟ್, ವಂಶವೃಕ್ಷ, ಹಳೆಯ ಎಚ್‌ಪಿಎಲ್‌ಸಿ, ಮಗುವಿನ ಚೀಟಿಗಳು, ಎಲ್ಲ ಒಯ್ಯಿರಿ.

ಪ್ಯಾಥೋಜೆನಿಕ್ ವೇರಿಯಂಟ್ ಸಿಕ್ಕಿದ್ದರೆ ನೆಂಟರಿಗೆ ಪೂರ್ತಿ ಎಕ್ಸೋಮ್ ಬೇಡ. ಆ ಒಂದೇ ಬದಲಾವಣೆ ಇದೆಯೇ ಎಂದು ನೋಡುವ ಪರೀಕ್ಷೆ ಸಾಕು, ಖರ್ಚೂ ಬಹಳ ಕಡಿಮೆ. ಅದಕ್ಕೆ ಜೀನ್‌ನ ಹೆಸರು, ಎನ್‌ಎಂ ಸಂಖ್ಯೆ, ‘ಸಿ.’ ಎಂದು ಶುರುವಾಗುವ ಸಾಲು, ಈ ಮೂರನ್ನೂ ಒಂದು ಅಕ್ಷರವೂ ತಪ್ಪದಂತೆ ಕೊಡಬೇಕು. ಕೈಬರಹದಲ್ಲಿ ಪ್ಲಸ್ ಗುರುತೋ ಚುಕ್ಕಿಯೋ ಬಿಟ್ಟುಹೋದರೆ ಲ್ಯಾಬ್ ಬೇರೆಯೇ ಜಾಗವನ್ನು ಓದಿ ‘ಇಲ್ಲ’ ಎನ್ನುತ್ತದೆ. ಆದ್ದರಿಂದ ಆ ಪುಟದ ಜೆರಾಕ್ಸ್‌ ಪ್ರತಿಯನ್ನೇ ಕೊಡಿ. ಬೇರೆ ಲ್ಯಾಬಿನಲ್ಲಿ ಮಾಡಿಸುವುದಾದರೆ ಮೊದಲು ಪಾಸಿಟಿವ್ ಬಂದವರ ರಕ್ತವನ್ನೂ ಹೋಲಿಕೆಗೆ ಜೊತೆಯಲ್ಲಿ ಕಳಿಸುವುದು ಒಳ್ಳೆಯದು. ಚಿಕ್ಕ ಮಕ್ಕಳಿಗೆ ಬರೀ ವಾಹಕರೋ ಅಲ್ಲವೋ ತಿಳಿಯಲೆಂದು ಪರೀಕ್ಷೆ ಮಾಡಿಸಬೇಡಿ. 18 ತುಂಬಿದ ಮೇಲೆ ಅವರೇ ತೀರ್ಮಾನಿಸಲಿ. ಪ್ರಿಂಟನ್ನು ಅಲ್ಲಿಯವರೆಗೆ ಆಸ್ತಿಪತ್ರದ ಜೊತೆ ಇಟ್ಟಿರಿ, ಸಾಫ್ಟ್ ಕಾಪಿಯನ್ನು ಇಬ್ಬರ ಇಮೇಲ್‌ನಲ್ಲಿ ಉಳಿಸಿ.